ನೀರು ಎಲ್ಲಿವರೆಗೆ ಬಂತು

ಹಾಸನ ಬಿಟ್ಟು ಹೊರಟಾಗ ನಮ್ಮ ಗಂಟಿನಲ್ಲಿ ಬಟ್ಟೆಗಿಂತ ರಾಗಿಹಿಟ್ಟೇ ಜಾಸ್ತಿ ಇತ್ತು. ಹತ್ತು ಕೆಜಿ ಹಿಟ್ಟು, ಸಾರಿನ ಪುಡಿ, ಹಿಂದಿನ ಸೊಗಡಿನ ಕಾಲದಲ್ಲಿ ಒಣಗಿಸಿಟ್ಟಿದ್ದ ಹಿತಕಿದ ಅವರೆಬೇಳೆ, ಒಂದು ಮುದ್ದೆ ಕೋಲು. 2017ರ ನವೆಂಬರ್ ತಿಂಗಳು. ಅದೇ ವರ್ಷ ಮೇನಲ್ಲಿ ನಾನು ಸರ್ಕಾರಿ ಹೈಸ್ಕೂಲಿನಿಂದ ನಿವೃತ್ತಳಾಗಿದ್ದೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಗಣಿತ ಹೇಳಿಕೊಟ್ಟಿದ್ದೆ. ನಮ್ಮೆಜಮಾನರು ಕೆಇಬಿಯಲ್ಲಿ ಲೈನ್‌ಮನ್ ಆಗಿ ಸೇರಿ, ಕಂಬ ಹತ್ತಿ ಇಳಿದು, ನನಗಿಂತ ಮೂರು ವರ್ಷ ಮೊದಲೇ ರಿಟೈರ್ ಆದವರು. ಮಗಳ ಮದುವೆಯಾಗಿತ್ತು. ಇಬ್ಬರಿಗೂ ಪಿಂಚಣಿ ಬರುತ್ತಿತ್ತು, ಮಂಡಿ ಇನ್ನೂ ಗಟ್ಟಿಯಿತ್ತು.

ನಮ್ಮ ಚರ್ಚಿಗೆ ಧ್ಯಾನಕೂಟ ನಡೆಸಲು ಬಂದಿದ್ದ ಒಬ್ಬ ಫಾದರ್, ಲಿಟಲ್ ಅಂಡಮಾನ್ ದ್ವೀಪದಲ್ಲಿ ಮಕ್ಕಳ ಹಾಸ್ಟೆಲ್ ಒಂದಕ್ಕೆ ಹಿರಿಯ ದಂಪತಿ ಬೇಕಾಗಿದ್ದಾರೆ ಅಂದಿದ್ದರು. ಸಂಬಳವಿಲ್ಲ, ಒಂದು ಕೋಣೆ ಮತ್ತು ಊಟ, ಎರಡು ವರ್ಷ. ಪೂಜೆ ಮುಗಿದು ಮನೆಗೆ ನಡೆಯುವಾಗ ಇವರು, "ಏನಂತೀಯ?" ಅಂದರು. "ನೀವೇನಂತೀರ?" ಅಂದೆ. ಅಷ್ಟರಲ್ಲೇ ತೀರ್ಮಾನವಾಗಿಹೋಗಿತ್ತು. ನನ್ನ ಅಣ್ಣ ಮಾತ್ರ ಬಂದು ಕೂತು, "ಈ ವಯಸ್ಸಲ್ಲಿ ಕಾಲಾಪಾನಿಗೆ ಯಾಕಮ್ಮ ಹೋಗ್ತೀಯ? ಯಾರು ಶಿಕ್ಷೆ ಕೊಟ್ರು ನಿನಗೆ?" ಅಂತ ಕಣ್ಣಲ್ಲಿ ನೀರು ತಂದುಕೊಂಡ.

ಹೊರಡುವ ಭಾನುವಾರ ಚರ್ಚಿನಲ್ಲಿ ನಮ್ಮನ್ನು ಮುಂದೆ ನಿಲ್ಲಿಸಿ, "ನಮ್ಮ ಧರ್ಮಕೇಂದ್ರದಿಂದ ಮಿಷನರಿಗಳಾಗಿ ಹೊರಟಿದ್ದಾರೆ" ಅಂತ ಹೇಳಿದರು. ಆ ಪದ ಕೇಳಿ ನನಗೆ ಮೈ ಜುಂ ಅಂತು. ನಮ್ಮ ಕಡೆ ಮಿಷನರಿ ಅಂದರೆ ಹೊರಗಿನಿಂದ ಬಂದವರು. ಶೆಟ್ಟಿಹಳ್ಳಿಯಲ್ಲಿ ಆ ದೊಡ್ಡ ಚರ್ಚು ಕಟ್ಟಿಸಿದ ಫ್ರೆಂಚ್ ಪಾದ್ರಿಗಳು, ಹಡಗಿನಲ್ಲಿ ತಿಂಗಳುಗಟ್ಟಲೆ ಬಂದು, ಕನ್ನಡ ಕಲಿತು, ಇಲ್ಲೇ ಮಣ್ಣಾದವರು. ಹಾಸನದಿಂದ ಸಮುದ್ರ ದಾಟಿ ಹೋಗುವ ನಾವು ಆ ಹೆಸರಿಗೆ ತಕ್ಕವರೇ ಅಂತ ರಾತ್ರಿಯೆಲ್ಲ ಯೋಚಿಸಿದೆ.

ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ ವಿಮಾನ. ಆ ಊರಿಗೆ 2024ರಲ್ಲಿ ಶ್ರೀ ವಿಜಯ ಪುರಂ ಅಂತ ಹೆಸರು ಬದಲಾಯಿಸಿದ್ದಾರೆ. ಅಲ್ಲಿಂದ ದಕ್ಷಿಣಕ್ಕೆ ಸುಮಾರು 120 ಕಿಲೋಮೀಟರ್ ಹಡಗಿನಲ್ಲಿ. ರಸ್ತೆಯಲ್ಲಾದರೆ ಹಾಸನದಿಂದ ಮೈಸೂರಿನಷ್ಟು ದೂರ. ಅಲ್ಲಿ ಒಂದು ಹಗಲು ಪೂರ್ತಿ ಬೇಕಾಯಿತು. ಲಿಟಲ್ ಅಂಡಮಾನಿನ ಹಟ್ ಬೇ ಜೆಟ್ಟಿಯಲ್ಲಿ ಇಳಿದಾಗ ನನಗೆ ನೆಲವೇ ತೂಗುತ್ತಿತ್ತು. ಕರೆದೊಯ್ಯಲು ಬಂದಿದ್ದ ಸಿಸ್ಟರ್ ನನ್ನ ಕೈ ಹಿಡಿದು ಜೀಪಿಗೆ ಹತ್ತಿಸುವಾಗ, ನಾವೇನು ಕೆಲಸ ಶುರುಮಾಡಬೇಕು ಅಂತ ಕೇಳಿದೆ. "ಮೂರು ತಿಂಗಳು ಏನೂ ಮಾಡಬೇಡಿ. ಸುಮ್ಮನೆ ಇಲ್ಲಿರಿ" ಅಂದರು. ಟೀಚರಾಗಿದ್ದವಳಿಗೆ ಅದು ಅರ್ಥವಾಗಲಿಲ್ಲ.

ಮೊದಲು ಬದಲಾದದ್ದು ಹೊತ್ತು. ಹಾಸನದ ಗಡಿಯಾರಕ್ಕೂ ಅಲ್ಲಿಯ ಗಡಿಯಾರಕ್ಕೂ ಒಂದೇ ಸಮಯ, ಆದರೆ ಸೂರ್ಯ ಅಲ್ಲಿ ಒಂದು ತಾಸಿಗೂ ಹೆಚ್ಚು ಮುಂಚೆ ಹುಟ್ಟುತ್ತಾನೆ. ನಾವಿರುವ ರೇಖಾಂಶ 76 ಡಿಗ್ರಿ, ಅದು 92 ಡಿಗ್ರಿಯ ಆಚೆ. ಡಿಗ್ರಿಗೆ ನಾಲ್ಕು ನಿಮಿಷ ಅಂತ ಎಷ್ಟು ಮಕ್ಕಳಿಗೆ ಲೆಕ್ಕ ಮಾಡಿಸಿಲ್ಲ ನಾನು! ಬೇಸಿಗೆಯಲ್ಲಿ ಐದಕ್ಕೆಲ್ಲ ಬಿಸಿಲು ಕೋಣೆಯೊಳಗೆ. ಡಿಸೆಂಬರಿನಲ್ಲಿ ಸಂಜೆ ಐದೂಕಾಲಿಗೆ ಕತ್ತಲು. ನಾಲ್ಕೂವರೆಗೆ ಎದ್ದು, ಜಗ್ಗಿನಲ್ಲಿ ಅಳೆದು ನೀರು ಹಿಡಿದು, ಆರರೊಳಗೆ ಪೂಜೆ ಮುಗಿಸಿ, ಏಳಕ್ಕೆ ತಿಂಡಿ ಆಗಿರುತ್ತಿತ್ತು. ರಾತ್ರಿ ಎಂಟಕ್ಕೆ ಊರೇ ಮಲಗಿರುತ್ತಿತ್ತು.

ಸುತ್ತ ನೀರೇ ನೀರು, ಆದರೂ ಕುಡಿಯುವ ನೀರಿಗೆ ಬರ. ವರ್ಷದಲ್ಲಿ ಏಳೆಂಟು ತಿಂಗಳು ಮಳೆ ಸುರಿಯುತ್ತದೆ, ನಮ್ಮ ಸಕಲೇಶಪುರದ ಮಳೆಯ ಹಾಗೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮಾತ್ರ ತೊಟ್ಟಿ ತಳ ಕಾಣುತ್ತದೆ. ಅಕ್ಕಿ ತೊಳೆದ ನೀರು ಗಿಡಕ್ಕೆ, ಬಟ್ಟೆ ಜಾಲಿಸಿದ ನೀರು ಕಕ್ಕಸಿಗೆ. ತರಕಾರಿ ಹಡಗಿನ ಮೇಲೆ ಬರಬೇಕು. ಸಮುದ್ರ ಕೆಟ್ಟು ಹಡಗು ನಿಂತರೆ ಈರುಳ್ಳಿ ಇಲ್ಲ, ಆಲೂಗೆಡ್ಡೆ ಇಲ್ಲ. ಆಲೂಗೆಡ್ಡೆ ಬೆಳೆಯುವ ಜಿಲ್ಲೆಯಿಂದ ಹೋದ ನಾನು, ಒಂದು ಸಲ ಹದಿನೇಳು ದಿನ ಆಲೂಗೆಡ್ಡೆಯ ಮುಖ ನೋಡಲಿಲ್ಲ. ಬಾಳೆಕಾಯಿ, ಪಪ್ಪಾಯಿಕಾಯಿ, ತೆಂಗಿನಕಾಯಿ, ಮೀನು ಇವುಗಳಲ್ಲೇ ನಲವತ್ತು ಮಕ್ಕಳಿಗೆ ಅಡುಗೆ ನಡೆಯುತ್ತಿತ್ತು.

ರಾಗಿಹಿಟ್ಟಿನ ಸಂಗತಿ ಹೇಳಲೇಬೇಕು. ಅಲ್ಲಿಯ ತೇವಕ್ಕೆ ಹಿಟ್ಟು ಮುಗ್ಗಲು ಹಿಡಿಯುತ್ತದೆ ಅಂತ ಎರಡನೇ ವಾರ ಅಂಗಳದಲ್ಲಿ ಚಾಪೆ ಹಾಸಿ ಒಣಗಿಸುತ್ತಿದ್ದೆ. ಹಾಸ್ಟೆಲಿನ ಅಡುಗೆಗೆ ಬರುತ್ತಿದ್ದ ಅಜ್ಜಿ ಬಂದು ಕುಕ್ಕರುಗಾಲಲ್ಲಿ ಕೂತು, ಚಿಟಿಕೆ ಹಿಟ್ಟು ಬಾಯಿಗೆ ಹಾಕಿಕೊಂಡು, "ಮಡುವಾ!" ಅಂದರು. ನನಗೆ ತಿಳಿಯಲಿಲ್ಲ. ಅವರು ರಾಂಚಿ ಸೀಮೆಯ ಮೂಲದವರು. ಅಲ್ಲಿ ರಾಗಿಗೆ ಮಡುವಾ ಅನ್ನುತ್ತಾರಂತೆ, ರೊಟ್ಟಿ ಮಾಡುತ್ತಾರಂತೆ. ಈ ಅಜ್ಜಿ ಹುಟ್ಟಿದ್ದು ದ್ವೀಪದಲ್ಲೇ, ರಾಂಚಿ ನೋಡಿಯೇ ಇಲ್ಲ. ಅವರ ತಾಯಿಗೆ ಯಾರೋ ಊರಿಂದ ಗಂಟಿನಲ್ಲಿ ಕಟ್ಟಿ ತಂದುಕೊಟ್ಟಾಗ ತಿಂದ ರುಚಿ, ಅರವತ್ತು ವರ್ಷ ನಾಲಿಗೆಯಲ್ಲಿ ಉಳಿದಿತ್ತು. ಅವತ್ತು ಮುದ್ದೆ ತೊಳಸಿ, ಒಣಮೀನಿನ ಸಾರು ಮಾಡಿದೆ. ನುಂಗುವುದು ಹೇಗೆ ಅಂತ ನಾನು ತೋರಿಸಿದೆ. ಅವರು ಅಗಿದೇ ತಿಂದರು. ಆಮೇಲಿಂದ ಆ ಅಂಗಳಕ್ಕೆ ನಾವು ಹೊರಗಿನವರಾಗಿ ಉಳಿಯಲಿಲ್ಲ.

ಆ ಜನರ ಬಗ್ಗೆ ನನಗೆ ಹೋಗುವ ಮುಂಚೆ ಏನೇನೂ ಗೊತ್ತಿರಲಿಲ್ಲ. 1918ರಿಂದ ರಾಂಚಿ ಸುತ್ತಿನ ಛೋಟಾನಾಗಪುರದ ಒರಾಂವ್, ಮುಂಡಾ, ಖಾಡಿಯಾ ಜನರನ್ನು ಕಾಡು ಕಡಿಯಲು ಅಂಡಮಾನಿಗೆ ಕರೆತಂದರು. ಆಳುಗಳನ್ನು ಒದಗಿಸಿದ್ದು ರಾಂಚಿಯ ಕ್ಯಾಥೊಲಿಕ್ ಮಿಷನ್ನಿನವರೇ. ಆರು ತಿಂಗಳಿಗೆ, ವರ್ಷಕ್ಕೆ ಅಂತ ಬಂದವರು ಅಲ್ಲೇ ನಿಂತರು. ಪಡೌಕ್ ಮರ ಕೆಡವಿದವರು, ರಸ್ತೆ ಕಡಿದವರು, ಆಮೇಲೆ ಲಿಟಲ್ ಅಂಡಮಾನಿನ ಸರ್ಕಾರಿ ಎಣ್ಣೆತಾಳೆ ತೋಟದಲ್ಲಿ ದುಡಿದವರು ಅವರೇ. ಎಲ್ಲರೂ ಅವರನ್ನು "ರಾಂಚಿ" ಅಂತಲೇ ಕರೆಯುತ್ತಾರೆ, ಅದೇ ಜಾತಿಯ ಹೆಸರು ಅನ್ನುವ ಹಾಗೆ. ತಾಯ್ನಾಡಿನಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದವರು, ದ್ವೀಪದ ಪಟ್ಟಿಯಲ್ಲಿ ಇಲ್ಲ. ಎಷ್ಟೋ ಮನೆಗಳು ಕೂತ ಜಾಗಕ್ಕೆ ಪತ್ರವಿಲ್ಲ. ಇಡೀ ದ್ವೀಪವನ್ನು ಬೆವರು ಸುರಿಸಿ ವಾಸಕ್ಕೆ ಹದಮಾಡಿದವರಿಗೆ ಕಾಲೂರಲು ಕಾಗದದ ಆಧಾರವಿಲ್ಲ ಅನ್ನುವುದು ನನ್ನನ್ನು ಈಗಲೂ ಸುಡುತ್ತದೆ.

ಮೊನ್ನೆ ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಹಳೇ ಪರಿಚಯದವರೊಬ್ಬರು ನೇರವಾಗಿಯೇ ಕೇಳಿದರು: "ಅಲ್ಲಿ ಮತಾಂತರ ಮಾಡ್ಸೋಕೆ ಹೋಗಿದ್ರಾ ಮೇಡಂ?" ಕೇಳಿದ್ದಕ್ಕೆ ಬೇಸರವಿಲ್ಲ, ಮನಸ್ಸಿನಲ್ಲಿ ಇಟ್ಟುಕೊಂಡು ಕೇಳದೆ ಹೋಗುವವರಿಗಿಂತ ಒಳ್ಳೆಯದು. ನಾವು ಯಾರಿಗೂ ಧರ್ಮ ಹೇಳಿಕೊಡಲಿಲ್ಲ. ರಾಂಚಿಗೆ ಲುಥೆರನ್ ಮಿಷನರಿಗಳು ಬಂದದ್ದು 1845ರಲ್ಲಿ. 1885ರಲ್ಲಿ ಬಂದ ಬೆಲ್ಜಿಯಂನ ಪಾದ್ರಿ ಕಾನ್‌ಸ್ಟಂಟ್ ಲೀವೆನ್ಸ್ ಜಮೀನ್ದಾರರ ವಿರುದ್ಧ ಆದಿವಾಸಿಗಳ ಭೂಮಿಯ ಕೇಸುಗಳಲ್ಲಿ ಕೋರ್ಟಿನ ದಾರಿ ತೋರಿಸಿ ಅವರ ಮನಸ್ಸು ಗೆದ್ದವರು. ನಮ್ಮ ಹಾಸ್ಟೆಲಿನ ಮಕ್ಕಳ ಮುತ್ತಜ್ಜಂದಿರು ಹಡಗು ಹತ್ತುವಾಗಲೇ ಜಪಸರ ಕೊರಳಲ್ಲಿತ್ತು. ಪ್ರಾರ್ಥನೆಯಲ್ಲಿ ಅವರೇ ನಮಗಿಂತ ಗಟ್ಟಿ. ಸಾದ್ರಿ ಭಾಷೆಯಲ್ಲಿ, ಮಾಂದರ್ ಬಾರಿಸಿಕೊಂಡು ಅವರು ಹಾಡುವುದನ್ನು ಕೇಳಿದರೆ ನಮ್ಮ ಊರಿನ ಪೂಜೆ ಬಹಳ ಸಪ್ಪೆ ಅನ್ನಿಸುತ್ತದೆ.

ಅದೇ ಮಾತಿಗೆ ಸೇರಿದ ಇನ್ನೊಂದು. 2018ರ ನವೆಂಬರಿನಲ್ಲಿ, ನಾವು ಅಲ್ಲಿದ್ದು ಒಂದು ವರ್ಷವಾಗಿತ್ತು, ಹೊರಗಿನವರನ್ನು ಹತ್ತಿರ ಸೇರಿಸದ ಜನರಿರುವ ಉತ್ತರ ಸೆಂಟಿನೆಲ್ ದ್ವೀಪಕ್ಕೆ ಕದ್ದು ಹೋದ ಅಮೆರಿಕದ ಯುವಕನೊಬ್ಬ ಅಲ್ಲಿಯ ಜನರ ಬಾಣಕ್ಕೆ ಸತ್ತ. ಅವನೂ ತನ್ನನ್ನು ಮಿಷನರಿ ಅಂತಲೇ ತಿಳಿದಿದ್ದ. ಮಗಳು ಗಾಬರಿಯಿಂದ ಫೋನ್ ಮಾಡಿದಳು. ಆ ರಾತ್ರಿ ಜಪಸರದಲ್ಲಿ ಅವನ ತಾಯಿಗಾಗಿ ಪ್ರಾರ್ಥಿಸಿದೆವು. ಆದರೆ ಅವನು ಮಾಡಿದ್ದು ತಪ್ಪು ಅಂತ ನನಗೆ ಅವತ್ತೂ ಅನ್ನಿಸಿತ್ತು, ಇವತ್ತೂ ಅನ್ನಿಸುತ್ತದೆ. ಬರಬೇಡಿ ಅಂತ ಅಷ್ಟು ಸ್ಪಷ್ಟವಾಗಿ ಹೇಳಿದವರ ಅಂಗಳಕ್ಕೆ, ನಮ್ಮ ನೆಗಡಿ ಕೆಮ್ಮೇ ಅವರಿಗೆ ಮೃತ್ಯುವಾಗಬಹುದು ಅಂತ ಗೊತ್ತಿದ್ದೂ, ಹೋಗುವುದು ಪ್ರೀತಿಯಲ್ಲ. ನಮ್ಮ ದ್ವೀಪದ ಡುಗಾಂಗ್ ಕ್ರೀಕ್ ಕಡೆ ಒಂಗೆ ಅನ್ನುವ ಮೂಲನಿವಾಸಿ ಜನರಿದ್ದಾರೆ. ನೂರರ ಆಸುಪಾಸಿನಷ್ಟೇ ಉಳಿದವರು. 1956ರ ಕಾಯಿದೆಯ ಪ್ರಕಾರ ಅವರ ನೆಲಕ್ಕೆ ಹೊರಗಿನವರು ಕಾಲಿಡುವಂತಿಲ್ಲ. ಎರಡು ವರ್ಷದಲ್ಲಿ ನಾವು ಆ ದಾರಿ ಹಿಡಿಯಲಿಲ್ಲ.

ನನ್ನ ಕೆಲಸ ಸಂಜೆ ನಾಲ್ಕರಿಂದ ಶುರು. ಎಂಟರಿಂದ ಹತ್ತನೇ ಕ್ಲಾಸಿನ ಮಕ್ಕಳಿಗೆ ಗಣಿತ. ಜೀವಮಾನವಿಡೀ ಕನ್ನಡದಲ್ಲಿ ಪಾಠ ಹೇಳಿದವಳಿಗೆ ಹಿಂದಿಯ ಸಂಖ್ಯೆಗಳು ಬಾಗಿಲಲ್ಲೇ ತಡೆದವು. ನಮ್ಮಲ್ಲಿ ಮೂವತ್ತೊಂಬತ್ತು ಅಂದರೆ ಮೂವತ್ತು ಮತ್ತು ಒಂಬತ್ತು, ಮುಗಿಯಿತು. ಅಲ್ಲಿ 39 ಉನ್ತಾಲೀಸ್, 49 ಉನ್ಚಾಸ್, 59 ಉನ್ಸಠ್, ನಲವತ್ತಕ್ಕೆ ಒಂದು ಕಡಿಮೆ, ಐವತ್ತಕ್ಕೆ ಒಂದು ಕಡಿಮೆ ಅನ್ನುವ ಲೆಕ್ಕ. ಆ ಕ್ರಮ ಹಿಡಿದುಕೊಂಡೆ ಅನ್ನುವಷ್ಟರಲ್ಲಿ 89 ನವಾಸಿ ಆಗಿ ಕ್ರಮ ಮುರಿಯುತ್ತದೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ದಿನಾ ಹತ್ತು ನಿಮಿಷ ನನ್ನನ್ನು ಕೂರಿಸಿಕೊಂಡು ಒಂದರಿಂದ ನೂರು ಹೇಳಿಸಿದಳು. ತಪ್ಪಿದರೆ ಮತ್ತೆ ಮೊದಲಿಂದ. ಕ್ಲಾಸಿನಲ್ಲಿ ಬಾಯಿಬಿಡದ ಮಗು ಅದು. ನನಗೆ ಪಾಠ ಹೇಳಲು ಶುರುಮಾಡಿದ ಮೇಲೆ ಅವಳ ದನಿ ಎದ್ದಿತು, ಕೈ ಎತ್ತಿ ಪ್ರಶ್ನೆ ಕೇಳಲು ಬಂದಿತು. ಇದನ್ನು ನಾನು ಕೆಲಸದಲ್ಲಿದ್ದಾಗ ಯಾಕೆ ಒಂದು ಸಲವೂ ಮಾಡಿ ನೋಡಲಿಲ್ಲ ಅಂತ ಕೊರಗಿದ್ದೇನೆ.

ನಮ್ಮೆಜಮಾನರಿಗೆ ಮೂರು ತಿಂಗಳು ಸುಮ್ಮನಿರುವ ಯೋಗ ಬರಲಿಲ್ಲ. ಉಪ್ಪುಗಾಳಿಗೆ ಎಲ್ಲವೂ ತುಕ್ಕು ಹಿಡಿಯುತ್ತದೆ: ಸ್ವಿಚ್ಚಿನ ಸ್ಕ್ರೂ, ಮೋಟಾರಿನ ಟರ್ಮಿನಲ್, ಫ್ಯಾನಿನ ಕೊಂಡಿ. ಅಲ್ಲಿ ಕರೆಂಟು ಬರುವುದು ಡೀಸೆಲ್ ಜನರೇಟರಿನಿಂದ, ಡೀಸೆಲ್ ಬರುವುದು ಹಡಗಿನಿಂದ. ಪಂಪು ಸರಿಮಾಡಿದ್ದು ಸುದ್ದಿಯಾಗಿ, ಟಾರ್ಚು, ಮಿಕ್ಸಿ, ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡು ಜನ ಬರತೊಡಗಿದರು. ಅವರಿಗೆ ಹಿಂದಿ ಬಾರದು, ಕಲಿಯುವ ಉಮೇದೂ ಇರಲಿಲ್ಲ. "ಸ್ಕ್ರೂಡ್ರೈವರ್‌ಗೆ ಭಾಷೆ ಯಾಕೆ?" ಅನ್ನುತ್ತಿದ್ದರು. ಮೂವತ್ತೈದು ವರ್ಷ ಬೆಳಗ್ಗೆ ಎಂಟಕ್ಕೆ ಹೋಗಿ ರಾತ್ರಿ ಬರುತ್ತಿದ್ದ ಗಂಡ ದಿನವಿಡೀ ಕಣ್ಣೆದುರಿಗೆ ಇರುವುದು ನನಗೂ ಹೊಸದು. ಜಗಳವೂ ಆಗಿದೆ. ಒಂದೇ ಕೋಣೆ, ಮುನಿಸಿಕೊಂಡು ಹೋಗಲು ತವರುಮನೆಯಿಲ್ಲ, ಮುಂದಿನ ಹಡಗು ಶುಕ್ರವಾರಕ್ಕೆ. ಕತ್ತಲಾಗುವುದರೊಳಗೆ ಮಾತಾಡಿಕೊಳ್ಳುತ್ತಿದ್ದೆವು.

ಟ್ರಾನ್ಸಿಸ್ಟರ್ ರಿಪೇರಿಗೆ ಒಬ್ಬ ಹಿರಿಯರು ಬರುತ್ತಿದ್ದರು. ಅರಣ್ಯ ನಿಗಮದಲ್ಲಿ ಮರ ಕಡಿದವರು, ಎಪ್ಪತ್ತು ದಾಟಿತ್ತು. ರೇಡಿಯೋ ಸರಿಯಾದ ಮೇಲೂ ಬರುತ್ತಿದ್ದರು. ಬಂದು ಚರ್ಚಿನ ಜಗಲಿಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದರು, ಸಮುದ್ರಕ್ಕೆ ಬೆನ್ನು. ಇವರು ಪಕ್ಕದಲ್ಲಿ ತಂತಿ ಸುಲಿಯುತ್ತಾ ಕೂತಿರುತ್ತಿದ್ದರು. ಇಬ್ಬರೂ ಮಾತಿನವರಲ್ಲ. ಅಡುಗೆಯ ಅಜ್ಜಿ ನನಗೆ ಹೇಳಿದರು. 2004ರ ಡಿಸೆಂಬರ್ 26, ಕ್ರಿಸ್ಮಸ್ ಮಾರನೇ ದಿನ, ಭಾನುವಾರ. ಬೆಳಗ್ಗೆ ಆರೂವರೆಗೆ ನೆಲ ನಡುಗಿತು. ಅಷ್ಟು ಹೊತ್ತಿಗೆ ಅಲ್ಲಿ ಚೆನ್ನಾಗಿ ಬಿಸಿಲು ಬಂದಿರುತ್ತದೆ, ಜನ ಪೂಜೆಗೆ ತಯಾರಾಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಸಮುದ್ರ ಬಂತು. ಒಂಗೆ ಜನ ನೆಲ ನಡುಗಿದ ಕೂಡಲೇ ಎತ್ತರದ ಕಾಡಿಗೆ ಹೋಗಿ ಉಳಿದುಕೊಂಡರು. ಕಾಡಿನ ನಡುವಿನಿಂದ ಬಂದ ರಾಂಚಿ ಜನರಿಗೆ ಸಮುದ್ರದ ಆ ಗುರುತು ಯಾರು ಹೇಳಿಕೊಟ್ಟಿದ್ದರು? ಆ ಹಿರಿಯರ ಹೆಂಡತಿ, ಒಬ್ಬ ಮೊಮ್ಮಗಳು ಹೋದರು. ದೇಹ ಸಿಕ್ಕಿದ್ದು ಒಬ್ಬರದು ಮಾತ್ರ.

ಒಂದು ಮಧ್ಯಾಹ್ನ ನಾನು ಚಹಾ ತೆಗೆದುಕೊಂಡು ಹೋದಾಗ ನಮ್ಮೆಜಮಾನರು ಮಾತಾಡುತ್ತಿದ್ದರು. ಅರೆಬರೆ ಹಿಂದಿ, ನಡುನಡುವೆ ಕನ್ನಡ. "ಹಮಾರಾ ಗಾಂವ್ ಭೀ ಪಾನೀ ಮೇಂ", ನಮ್ಮೂರೂ ನೀರಿನಲ್ಲಿ, ಅಂದದ್ದು ಕೇಳಿಸಿತು. ಬಾಗಿಲಲ್ಲೇ ನಿಂತೆ.

ಇವರ ಹುಟ್ಟೂರು ಗೊರೂರಿನ ಹತ್ತಿರ, ಶೆಟ್ಟಿಹಳ್ಳಿಗೆ ನಡೆದೇ ಹೋಗುವಷ್ಟು ದೂರ. ಹೇಮಾವತಿ ಅಣೆಕಟ್ಟು ಮುಗಿದದ್ದು 1979ರಲ್ಲಿ. ಊರು ಬಿಡುವಾಗ ಇವರಿಗೆ ಇಪ್ಪತ್ತು ದಾಟಿತ್ತು. ಮುಳುಗಡೆ ಊರು ಅಂತ ನನಗೆ ಗೊತ್ತಿತ್ತು. ನಮ್ಮ ಮದುವೆಯಾದ ಮೇಲೆ ಮಾವನವರು ಮುಳುಗಡೆ ಸರ್ಟಿಫಿಕೇಟು ಹಿಡಿದು ಆಫೀಸು ಆಫೀಸು ಅಲೆದದ್ದನ್ನು ಕಂಡಿದ್ದೇನೆ. ಇವರು ಮಾತ್ರ ಆ ಊರಿನ ಬಗ್ಗೆ ನನ್ನ ಹತ್ತಿರ ಹತ್ತು ಮಾತು ಆಡಿದ್ದಿಲ್ಲ.

"ನೀರು ಎಷ್ಟು ಹೊತ್ತಿನಲ್ಲಿ ಬಂತು?" ಅಂತ ಹಿರಿಯರು ಕೇಳಿದರು.

"ಎರಡು ಮಳೆಗಾಲ."

ಹಿರಿಯರು ಬಹಳ ಹೊತ್ತು ಸುಮ್ಮನಿದ್ದರು. "ಹಾಗಾದರೆ ಓಡೋಕೆ ಸಮಯ ಸಿಕ್ಕಿತ್ತು ನಿಮಗೆ."

"ಸಿಕ್ಕಿತ್ತು. ಬಾಗಿಲು ಕಿತ್ತುಕೊಂಡು ಬಂದೆವು. ಹೆಂಚು, ತೊಲೆ, ಬಾಗಿಲು. ಅಪ್ಪ ಗಾಡಿಗೆ ಹೇರಿಕೊಂಡು ಬಂದ. ಬಾವಿ ತರೋಕಾಗಲಿಲ್ಲ."

ಹಾಸನದ ನಮ್ಮ ಮನೆಯ ಹಿತ್ತಲ ಬಾಗಿಲು ಚೌಕಟ್ಟಿಗೆ ಸರಿಯಾಗಿ ಕೂರುವುದಿಲ್ಲ. ಮಳೆಗಾಲದಲ್ಲಿ ಉಬ್ಬುತ್ತದೆ, ಒದ್ದು ಮುಚ್ಚಬೇಕು. ಬದಲಾಯಿಸಿ ಅಂತ ನಾನು ಎಷ್ಟು ವರ್ಷ ಗೊಣಗಿದ್ದೇನೋ. ಪ್ರತಿ ಸಲವೂ "ನೋಡೋಣ" ಅನ್ನುತ್ತಿದ್ದರು. ಆ ಬಾಗಿಲು ಎಲ್ಲಿಯದು ಅಂತ ನನಗೆ ಗೊತ್ತಾಗಲು ಸಾವಿರ ಮೈಲಿ ದೂರದ ಜಗಲಿಯಲ್ಲಿ ಚಹಾ ಹಿಡಿದು ನಿಲ್ಲಬೇಕಾಯಿತು. ಚಹಾ ಕೊಟ್ಟು ಒಳಗೆ ಹೋಗಿ ಅತ್ತೆ.

ಆಮೇಲೆ ಅವರಿಬ್ಬರೂ ದಿನಾ ಕೂರುತ್ತಿದ್ದರು. ಹಿರಿಯರ ಮನೆಯ ಜಾಗದ ಕಾಗದಕ್ಕಾಗಿ ಎಷ್ಟೋ ಅರ್ಜಿ ಬರೆಸಿದರು. ಇವರು ಹೇಳುವುದು, ನಾನು ಹಿಂದಿಯಲ್ಲಿ ಬರೆಯುವುದು, ಆ ಹುಡುಗಿ ತಿದ್ದುವುದು. ನಾವು ಹೊರಡುವವರೆಗೆ ಯಾವ ಅರ್ಜಿಗೂ ಉತ್ತರ ಬರಲಿಲ್ಲ.

2019ರ ಜೂನ್‌ನಲ್ಲಿ ನನಗೆ ಜ್ವರ ಬಂತು. ಮೂರನೇ ದಿನ ಮಲೇರಿಯಾ ಅಂತ ಗೊತ್ತಾಯಿತು. ಅಲೆ ಜೋರಾಗಿ ಹಡಗು ನಿಂತಿತ್ತು, ಪೋರ್ಟ್ ಬ್ಲೇರ್‌ಗೆ ಸಾಗಿಸುವ ದಾರಿಯಿರಲಿಲ್ಲ. ಸ್ಥಳದಲ್ಲಿ ಮಾತ್ರೆ ಕೊಟ್ಟರು, ಉಳಿದದ್ದನ್ನೆಲ್ಲ ಆ ಅಂಗಳದ ಹೆಂಗಸರು ಮಾಡಿದರು. ನಾಲ್ಕು ರಾತ್ರಿ ಸರದಿಯ ಮೇಲೆ ಬಂದು ತಲೆಗೆ ಒದ್ದೆ ಬಟ್ಟೆ ಹಾಕಿದರು. ಮಡುವಾ ಅಜ್ಜಿ, ನನ್ನದೇ ಡಬ್ಬಿಯಲ್ಲಿ ಉಳಿದಿದ್ದ ಕೊನೇ ಹಿಟ್ಟಿನಲ್ಲಿ ಅಂಬಲಿ ಮಾಡಿ ಕುಡಿಸಿದರು. ಸೇವೆ ಮಾಡುತ್ತೇವೆ ಅಂತ ಹಾಸನದ ಚರ್ಚಿನಲ್ಲಿ ಮುಂದೆ ನಿಂತವಳು ನಾನು. ಎದ್ದು ಕೂತ ದಿನ ಸಿಸ್ಟರಿಗೆ ಹಾಗಂದೆ. ಅವರು ನಕ್ಕು, "ಈಗ ನೀವು ಇಲ್ಲಿ ಇದ್ದೀರಿ" ಅಂದರು.

ಆ ವರ್ಷದ ಕೊನೆಯಲ್ಲಿ ವಾಪಸ್ ಬಂದೆವು. ಹಡಗು ಬಿಡುವ ದಿನ ಹಿರಿಯರು ಜೆಟ್ಟಿಗೆ ಬರಲಿಲ್ಲ. ಸಮುದ್ರದ ಹತ್ತಿರ ಅವರು ಬರುವುದಿಲ್ಲ, ನಮಗೂ ಗೊತ್ತಿತ್ತು.

ಆಗ ಅಲ್ಲಿಂದ ಫೋನು ಸಿಗುವುದೇ ಕಷ್ಟ. ಇಂಟರ್ನೆಟ್ ಉಪಗ್ರಹದಿಂದ ಬರುತ್ತಿತ್ತು, ಒಂದು ಫೋಟೋ ಹೋಗಲು ಅರ್ಧ ಗಂಟೆ. 2020ರ ಆಗಸ್ಟಿನಲ್ಲಿ ಚೆನ್ನೈಯಿಂದ ಸಮುದ್ರದ ತಳದಲ್ಲಿ ಹಾಕಿದ 2,300 ಕಿಲೋಮೀಟರ್ ಕೇಬಲ್ ಶುರುವಾಯಿತು, ಲಿಟಲ್ ಅಂಡಮಾನಿಗೂ ಒಂದು ಎಳೆ ಬಂತು. ಆಮೇಲಿಂದ ಭಾನುವಾರ ಹಿರಿಯರ ಮೊಮ್ಮಗ ವಿಡಿಯೋ ಕಾಲ್ ಹಾಕಿಕೊಡುತ್ತಾನೆ. ನನಗೆ ಸಂಖ್ಯೆ ಕಲಿಸಿದ ಹುಡುಗಿ ಈಗ ಪೋರ್ಟ್ ಬ್ಲೇರ್‌ನಲ್ಲಿ ಬಿಎಸ್ಸಿ ಮುಗಿಸಿದ್ದಾಳೆ. ಇವರ ಹಿಂದಿ ಹಾಗೇ ಇದೆ.

ಊರಿಗೆ ಬಂದ ಮೇಲೆ ಇವರು ತಿಂಗಳಿಗೊಮ್ಮೆಯಾದರೂ ಶೆಟ್ಟಿಹಳ್ಳಿಗೆ ಹೋಗುತ್ತಾರೆ. ಮದುವೆಯಾಗಿ ಅಷ್ಟು ವರ್ಷ ಒಂದು ಸಲವೂ ಕರೆದುಕೊಂಡು ಹೋಗದಿದ್ದವರು ಈಗ ನನ್ನನ್ನೂ ಕರೆಯುತ್ತಾರೆ. ಬೇಸಿಗೆಯಲ್ಲಿ ಹೇಮಾವತಿಯ ಹಿನ್ನೀರು ಇಳಿದಾಗ ಆ ಹಳೇ ಚರ್ಚಿನ ಒಳಗೆಲ್ಲ ಓಡಾಡಬಹುದು, ದನ ಮೇಯುತ್ತಿರುತ್ತವೆ. ಮಳೆಗಾಲದಲ್ಲಿ ಕಮಾನುಗಳ ಅರ್ಧಕ್ಕೆ ನೀರು. ಫೋಟೋ ತೆಗೆಸಿಕೊಳ್ಳುವವರ ಗುಂಪಿರುತ್ತದೆ. ಇವರು ಆ ಕಡೆ ನೋಡದೆ ಅಂಚಿನಲ್ಲೇ ನಡೆದು, ತಮ್ಮ ಊರು ಇದ್ದ ದಿಕ್ಕಿಗೆ ನಿಲ್ಲುತ್ತಾರೆ.

ಹೋದ ಆಗಸ್ಟಿನ ಭಾನುವಾರ ಅಲ್ಲಿಂದಲೇ ಕಾಲ್ ಮಾಡಿದರು. ಸೋನೆ ಹಿಡಿದಿತ್ತು. ನಾನು ಇವರ ತಲೆಯ ಮೇಲೆ ಕೊಡೆ ಹಿಡಿದಿದ್ದೆ. ಆ ಕಡೆಯಿಂದ ಹಿರಿಯರ ಮುಖ ಪರದೆ ತುಂಬ ಬಂತು. ನಮಸ್ಕಾರ, ಆರೋಗ್ಯ ಯಾವುದೂ ಕೇಳಲಿಲ್ಲ. ಮಳೆಗಾಲದಲ್ಲಿ ಅವರು ಮೊದಲು ಕೇಳುವುದು ಒಂದೇ.

"ನೀರು ಎಲ್ಲಿವರೆಗೆ ಬಂತು?"

ಇವರು ಫೋನು ತಿರುಗಿಸಿ ತೋರಿಸಿದರು. ಕಿಟಕಿಯ ಕೆಳಗಾ, ಮೇಲಾ ಅಂತ ಅವರು ಕೇಳಿದರು. ಕೆಳಗೆ, ಇನ್ನೂ ಒಂದು ಮೊಳ ಇದೆ ಅಂತ ಇವರು ಕನ್ನಡದಲ್ಲೇ ಹೇಳಿದರು. ಅವರಿಗೆ ಅರ್ಥವಾಯಿತು. ಅಷ್ಟರಲ್ಲಿ ಸಿಗ್ನಲ್ ಹೋಯಿತು.

ಇವರು ಚಪ್ಪಲಿ ಬಿಟ್ಟು ಇಳಿಜಾರಿನಲ್ಲಿ ಹುಷಾರಾಗಿ ಇಳಿದರು. ಅಂಚಿನಲ್ಲಿ ನೀರು ಮುಟ್ಟುವ ಜಾಗಕ್ಕೆ ಒಂದು ಬಿಳಿ ಕಲ್ಲು ಹುಡುಕಿ ಇಟ್ಟರು. "ಜಾರುತ್ತೆ ರೀ, ಯಾಕೆ ಅದು?" ಅಂದೆ.

"ಮುಂದಿನ ವಾರ ಕೇಳಿದ್ರೆ ಹೇಳ್ಬೇಕಲ್ಲ" ಅಂದರು.